ಧರ್ಮಗ್ರಂಥವು ನೇರವಾಗಿ ಉತ್ತರಿಸದ ಪ್ರಶ್ನೆಗಳನ್ನು ಕ್ರೈಸ್ತ ವಿಶ್ವಾಸಿಯು ನಿರ್ಣಯಿಸುವ ಬಗೆ

ಕೊಲ್ಲಬಾರದು, ಕದಿಯಬಾರದು, ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಗಳ ಅರ್ಥದ ಬಗ್ಗೆ ಕ್ರೈಸ್ತ ವಿಶ್ವಾಸಿಗೆ ಹೆಚ್ಚಿನ ಗೊಂದಲವಿರುವುದಿಲ್ಲ. ಧರ್ಮಗ್ರಂಥವು ಹೆಸರು ಹಿಡಿದು ಆಜ್ಞಾಪಿಸದ, ಹೆಸರು ಹಿಡಿದು ನಿಷೇಧಿಸದ ವಿಷಯಗಳಲ್ಲಿ ಗೊಂದಲ ಹುಟ್ಟುತ್ತದೆ, ಮತ್ತು ದಿನನಿತ್ಯದ ಬದುಕಿನ ಬಹುಪಾಲು ಇಂಥ ವಿಷಯಗಳಿಂದಲೇ ತುಂಬಿರುತ್ತದೆ. ಆರಾಧನೆಯ ದಿನದಲ್ಲೂ ದುಡಿಯಬೇಕಾದ ಉದ್ಯೋಗವನ್ನು ಒಪ್ಪಿಕೊಳ್ಳಬಹುದೇ? ಬೇರೆ ನಂಬಿಕೆಯ ಸ್ನೇಹಿತರ ಮನೆಯ ಸಮಾರಂಭದಲ್ಲಿ ಎಲ್ಲಿಯವರೆಗೆ ಪಾಲ್ಗೊಳ್ಳಬಹುದು? ಉಳಿತಾಯದ ಹಣವನ್ನು ಎಂಥ ಉದ್ದಿಮೆಯಲ್ಲಿ ತೊಡಗಿಸಬಹುದು? ಮಕ್ಕಳ ಕೈಗೆ ಮೊಬೈಲನ್ನು ಯಾವ ವಯಸ್ಸಿನಲ್ಲಿ ಕೊಡಬೇಕು, ಎಂಥ ಸಿನಿಮಾವನ್ನು ಅವರೊಂದಿಗೆ ಕುಳಿತು ನೋಡಬೇಕು?

ಇಂಥ ಪ್ರಶ್ನೆ ಎದುರಾದಾಗ ಸುಲಭವೆಂದು ಕಾಣುವ ದಾರಿಗಳು ಎರಡಿವೆ. ಎಲ್ಲದಕ್ಕೂ ಒಂದು ನಿಯಮವನ್ನು ಮಾಡಿ, ಅದನ್ನು ದೇವರ ಆಜ್ಞೆಯ ಸಾಲಿನಲ್ಲೇ ಇರಿಸಿಬಿಡುವುದು ಒಂದು ದಾರಿ. ಧರ್ಮಗ್ರಂಥವು ಏನನ್ನೂ ಹೇಳಿಲ್ಲವಾದ್ದರಿಂದ ಇದು ನನ್ನ ಸ್ವಂತ ವಿಷಯ ಎಂದು ಮಾತು ಮುಗಿಸುವುದು ಇನ್ನೊಂದು. ಮೊದಲನೆಯದು ಮನುಷ್ಯರ ಮಾತಿಗೆ ದೇವರ ಅಧಿಕಾರವನ್ನು ಕೊಡುತ್ತದೆ, ಎರಡನೆಯದು ಬದುಕಿನ ದೊಡ್ಡ ಭಾಗವೊಂದನ್ನು ದೇವರ ಒಡೆತನದಿಂದ ಹೊರಗಿಡುತ್ತದೆ. ಅಪೊಸ್ತಲನಾದ ಪೌಲನು ಈ ಎರಡನ್ನೂ ಬಿಟ್ಟು ಬೇರೊಂದು ಕ್ರಮದಲ್ಲಿ ಯೋಚಿಸಿದನು. ಒಂದು ವಸ್ತುವೋ ಪದ್ಧತಿಯೋ ತನ್ನಷ್ಟಕ್ಕೆ ಶುದ್ಧವೇ ಎಂದು ಕೇಳಿದ ಮೇಲೆ, ಅದು ಈ ಸ್ಥಳದಲ್ಲಿ, ಈ ಜನರ ಮುಂದೆ ಏನನ್ನು ಸಾರುತ್ತದೆ, ಯಾರನ್ನು ಕಟ್ಟುತ್ತದೆ, ಯಾರನ್ನು ಕೆಡಹುತ್ತದೆ ಎಂದೂ ಅವನು ಕೇಳುತ್ತಿದ್ದನು. ಆ ಕ್ರಮವನ್ನು ಇಂದಿನ ಪ್ರಶ್ನೆಗಳಿಗೆ ಬಳಸುವುದು ಹೇಗೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೊದಲು ಪ್ರಶ್ನೆಯನ್ನು ಸರಿಯಾಗಿ ಬರೆದುಕೊಳ್ಳಿ

ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ‘ಸಿನಿಮಾ ನೋಡುವುದು ತಪ್ಪೇ’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಅದರೊಳಗೆ ನೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ‘ಹಿಂಸೆಯನ್ನು ವೈಭವೀಕರಿಸುವ ಈ ಒಂದು ಚಿತ್ರವನ್ನು ಹತ್ತು ವರ್ಷದ ಮಗನೊಂದಿಗೆ ನಾನು ನೋಡಬೇಕೇ’ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯವಿದೆ. ಕರ್ತೃ ಯಾರು, ಕ್ರಿಯೆ ಯಾವುದು, ಯಾರ ಜೊತೆ, ಯಾವ ಸಂದರ್ಭದಲ್ಲಿ ಎಂಬುದು ವಾಕ್ಯದಲ್ಲಿ ಸ್ಪಷ್ಟವಾಗಿರಲಿ.

ಆಮೇಲೆ ಆ ಪ್ರಶ್ನೆ ಯಾವ ವರ್ಗಕ್ಕೆ ಸೇರಿದೆ ಎಂದು ನೋಡಿರಿ. ಅದು ದೇವರ ಸ್ಪಷ್ಟವಾದ ಆಜ್ಞೆಯೊಳಗೆ ಬರುವುದಾದರೆ ಮುಂದಿನ ಹೆಜ್ಜೆಗಳ ಅಗತ್ಯವಿಲ್ಲ. ಕೂಲಿಯವನ ಸಂಬಳವನ್ನು ತಡೆಹಿಡಿಯಬಹುದೇ ಎಂದು ಯಾರೂ ಪ್ರಾರ್ಥನೆಮಾಡಿ ತಿಳಿದುಕೊಳ್ಳಬೇಕಾಗಿಲ್ಲ, ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಸೂರ್ಯ ಮುಳುಗುವುದರೊಳಗೆ ಅದನ್ನು ಕೊಡಬೇಕೆಂದು ಹೇಳಿಯಾಗಿದೆ. ಅದು ಕೇವಲ ಅಭಿರುಚಿಯ ವಿಷಯವಾದರೆ, ಉದಾಹರಣೆಗೆ ಆರಾಧನೆಯಲ್ಲಿ ಯಾವ ರಾಗದ ಹಾಡು ಹಿತವೆನಿಸುತ್ತದೆ ಎಂಬುದಾದರೆ, ಅದಕ್ಕೆ ದೈವಶಾಸ್ತ್ರದ ಭಾರವನ್ನು ಹೊರಿಸಬಾರದು. ಉಳಿಯುವುದು ನಡುವಿನ ವರ್ಗ, ಅಂದರೆ ವಸ್ತು ತನ್ನಷ್ಟಕ್ಕೆ ಆಜ್ಞೆಯೂ ಅಲ್ಲ ನಿಷೇಧವೂ ಅಲ್ಲ, ಆದರೂ ಮನಸ್ಸಾಕ್ಷಿಯನ್ನು ಮುಟ್ಟುವಂಥದ್ದು.

ಈ ನಡುವಿನ ವರ್ಗಕ್ಕೆ ಸೇರಿದ್ದೆಲ್ಲ ಯಾವಾಗಲೂ ಅಲ್ಲೇ ಇರುತ್ತದೆ ಎಂದು ಭಾವಿಸಬಾರದು. ಪೌಲನು ತನ್ನ ಜೊತೆಸೇವಕನಾದ ತಿಮೊಥೆಯನಿಗೆ ಸುನ್ನತಿ ಮಾಡಿಸಿದನೆಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ತಿಳಿಸುತ್ತದೆ. ಯೆಹೂದ್ಯರ ನಡುವೆ ಸೇವೆ ಮಾಡಲು ಅಡ್ಡಿಯಾಗದಿರಲೆಂದು ಅದನ್ನು ಮಾಡಿದನು. ಅದೇ ಪೌಲನು ಇನ್ನೊಬ್ಬ ಜೊತೆಸೇವಕನಾದ ತೀತನಿಗೆ ಸುನ್ನತಿ ಮಾಡಿಸಲು ಒಪ್ಪಲಿಲ್ಲವೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಓದುತ್ತೇವೆ, ಏಕೆಂದರೆ ಅಲ್ಲಿ ಕೆಲವರು ರಕ್ಷಣೆಗೆ ಸುನ್ನತಿ ಬೇಕೇ ಬೇಕೆಂದು ಒತ್ತಾಯಿಸುತ್ತಿದ್ದರು. ಕ್ರಿಯೆ ಒಂದೇ ಆಗಿದ್ದರೂ ಅದು ಒಂದು ಕಡೆ ಪ್ರೀತಿಯ ಸೌಕರ್ಯವಾಗಿತ್ತು, ಇನ್ನೊಂದು ಕಡೆ ಸುವಾರ್ತೆಯ ನಿರಾಕರಣೆಯಾಗುತ್ತಿತ್ತು. 1548ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಜರ್ಮನಿಯ ಲೂಥರನ್ ಸಭೆಗಳ (ಸುಧಾರಕ ಮಾರ್ಟಿನ್ ಲೂಥರನ ಬೋಧನೆಯನ್ನು ಅನುಸರಿಸಿದ ಸಭೆಗಳ) ಮೇಲೆ ಹಳೆಯ ಕಥೋಲಿಕ ಆಚರಣೆಗಳನ್ನು ಮತ್ತೆ ಹೇರಿದಾಗ ಇದೇ ವಾದ ಎದ್ದಿತು. ಬಾಹ್ಯ ಆಚರಣೆಗಳಲ್ಲಿ ಬಿಟ್ಟುಕೊಟ್ಟು ಬೋಧನೆಯನ್ನು ಉಳಿಸಿಕೊಳ್ಳಬಹುದೆಂದು ಲೂಥರನ್ ದೈವಶಾಸ್ತ್ರಜ್ಞ ಮೆಲಾಂಕ್ಥನ್ ಭಾವಿಸಿದರೆ, ಇನ್ನೊಬ್ಬ ಲೂಥರನ್ ದೈವಶಾಸ್ತ್ರಜ್ಞ ಫ್ಲೇಸಿಯಸ್ ಅದನ್ನು ಬಲವಾಗಿ ವಿರೋಧಿಸಿದನು. 1577ರ ಲೂಥರನ್ ಒಪ್ಪಂದಸೂತ್ರ ಎಂಬ ವಿಶ್ವಾಸಪ್ರಮಾಣದ ಹತ್ತನೆಯ ವಿಧಿಯು, ಹಿಂಸೆಯ ಕಾಲದಲ್ಲಿ ನಂಬಿಕೆಯ ಸಾಕ್ಷಿಯೇ ಪಣಕ್ಕಿರುವಾಗ ಇಂಥ ವಿಷಯಗಳಲ್ಲೂ ವಿರೋಧಿಗಳಿಗೆ ಮಣಿಯಬಾರದೆಂದು ನಿರ್ಣಯಿಸಿತು. ಆದ್ದರಿಂದ ಯಾರಾದರೂ ಒಂದು ಪದ್ಧತಿಯನ್ನು ನಿಮ್ಮ ಮೇಲೆ ಬಲವಂತವಾಗಿ ಹೇರುತ್ತಿದ್ದಾರೆಯೇ, ಅದರ ಮೂಲಕ ನಿಮ್ಮಿಂದ ಏನನ್ನೋ ಹೇಳಿಸಲು ನೋಡುತ್ತಿದ್ದಾರೆಯೇ ಎಂಬುದನ್ನೂ ಕಾಗದದ ಮೇಲೆ ಒಂದು ಸಾಲಿನಲ್ಲಿ ಬರೆದಿಡಿ.

ಧರ್ಮಗ್ರಂಥದ ಇಡೀ ಕಥನವನ್ನು ಎದುರಿಗಿಟ್ಟುಕೊಳ್ಳಿ

ವಚನಕೋಶದಲ್ಲಿ, ಅಂದರೆ ಧರ್ಮಗ್ರಂಥದ ಪದಸೂಚಿಯಲ್ಲಿ, ಒಂದು ಪದವನ್ನು ಹುಡುಕಿ, ಸಿಕ್ಕ ವಚನವನ್ನು ತೀರ್ಪಾಗಿ ಬಳಸುವ ಅಭ್ಯಾಸ ವ್ಯಾಪಕವಾಗಿದೆ. ಮೊಬೈಲ್, ಷೇರುಪೇಟೆ, ಜಾಹೀರಾತು ಎಂಬ ಪದಗಳು ಅಲ್ಲಿ ಸಿಗುವುದಿಲ್ಲವಾದ್ದರಿಂದ ಆ ದಾರಿ ಬೇಗನೆ ಮುಗಿದುಹೋಗುತ್ತದೆ. ಅದಕ್ಕಿಂತ, ಸೃಷ್ಟಿ, ಪತನ (ಮನುಷ್ಯನು ಪಾಪಕ್ಕೆ ಬಿದ್ದದ್ದು), ವಿಮೋಚನೆ, ಹೊಸಸೃಷ್ಟಿ ಎಂಬ ನಾಲ್ಕು ಹಂತಗಳಲ್ಲಿ ಸಾಗುವ ಇಡೀ ಕಥನದೊಳಗೆ ನಿಮ್ಮ ಪ್ರಶ್ನೆಯನ್ನು ಇಟ್ಟು ನೋಡುವುದು ಉಪಯುಕ್ತ.

ಸೃಷ್ಟಿಯ ಬೆಳಕಿನಲ್ಲಿ ಕೇಳಬೇಕಾದದ್ದು, ಇದರೊಳಗೆ ದೇವರು ಕೊಟ್ಟ ಯಾವ ಒಳ್ಳೆಯದಿದೆ ಎಂದು. ಮನುಷ್ಯನು ತೋಟವನ್ನು ವ್ಯವಸಾಯ ಮಾಡಿ ಕಾಯಬೇಕೆಂಬ ಕರೆ ಆದಿಕಾಂಡದ 2ನೆಯ ಅಧ್ಯಾಯದಲ್ಲಿ, ಪಾಪ ಪ್ರವೇಶಿಸುವ ಮುಂಚೆಯೇ ಇದೆ. ಆದ್ದರಿಂದ ದುಡಿಮೆಯು ಶಾಪದ ಫಲವಲ್ಲ, ಅದರ ಬೆವರು ಮತ್ತು ವ್ಯರ್ಥತೆ ಮಾತ್ರ ಶಾಪದ ಫಲ. ಇನ್ನೂ ಗಮನಾರ್ಹವಾದದ್ದು 4ನೆಯ ಅಧ್ಯಾಯ. ಪಶುಪಾಲಕರ ಮೂಲಪುರುಷನಾದ ಯಾಬಾಲ, ಕಿನ್ನರಿ ಕೊಳಲುಗಳನ್ನು ನುಡಿಸುವವರ ಮೂಲಪುರುಷನಾದ ಯೂಬಾಲ, ತಾಮ್ರ ಕಬ್ಬಿಣಗಳ ಆಯುಧಗಳನ್ನು ಮಾಡುತ್ತಿದ್ದ ತೂಬಲ್‌ಕಾಯಿನ ಈ ಮೂವರೂ ತಮ್ಮನನ್ನು ಕೊಂದ ಕಾಯಿನನ ವಂಶದವರು. ಸಂಗೀತವನ್ನು ಕಾಯಿನನ ಸಂತತಿ ಬೆಳೆಸಿತೆಂಬ ಕಾರಣಕ್ಕೆ ಕೀರ್ತನಕಾರನು ಕಿನ್ನರಿಯನ್ನು ದೂರವಿಡಲಿಲ್ಲ. ಒಂದು ಕಲೆಯನ್ನೋ ತಂತ್ರಜ್ಞಾನವನ್ನೋ ಯಾರು ಕಂಡುಹಿಡಿದರು ಎಂಬುದರಿಂದಲೇ ಅದನ್ನು ತಿರಸ್ಕರಿಸುವವರು ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕೆಂದು ನನ್ನ ವಿನಂತಿ.

ಪತನದ ಬೆಳಕಿನಲ್ಲಿ ಕೇಳಬೇಕಾದದ್ದು, ಈ ಒಳ್ಳೆಯದು ಎಲ್ಲಿ ವಕ್ರವಾಗಿದೆ ಎಂದು. ಯೆಶಾಯನ 44ನೆಯ ಅಧ್ಯಾಯದಲ್ಲಿ ಒಬ್ಬನು ಒಂದೇ ಮರದ ಅರ್ಧವನ್ನು ಸುಟ್ಟು ಮೈ ಕಾಯಿಸಿಕೊಂಡು ರೊಟ್ಟಿ ಸುಟ್ಟುಕೊಳ್ಳುತ್ತಾನೆ, ಉಳಿದರ್ಧವನ್ನು ದೇವರೆಂದು ಅಡ್ಡಬಿದ್ದು ನಮಸ್ಕರಿಸುತ್ತಾನೆ. ಮರದಲ್ಲಿ ದೋಷವಿಲ್ಲ, ಅದರಿಂದ ಆತನು ಬಯಸಿದ ರಕ್ಷಣೆಯಲ್ಲಿ ದೋಷವಿದೆ. ಹಣ, ಕುಟುಂಬ, ರಾಷ್ಟ್ರ, ವಿದ್ಯೆ ಇವು ಯಾವುವೂ ಕೆಟ್ಟವಲ್ಲ. ಆದರೆ ದೇವರೊಬ್ಬನೇ ಕೊಡಬಲ್ಲ ಭದ್ರತೆಯನ್ನು ಅವುಗಳಿಂದ ಬೇಡತೊಡಗಿದಾಗ ಅವು ವಿಗ್ರಹಗಳಾಗುತ್ತವೆ.

ವಿಮೋಚನೆ ಮತ್ತು ಹೊಸಸೃಷ್ಟಿಯ ಬೆಳಕಿನಲ್ಲಿ, ಇದನ್ನು ಕ್ರಿಸ್ತನ ಆಳ್ವಿಕೆಗೆ ಒಪ್ಪಿಸುವುದೆಂದರೆ ಏನು, ಮತ್ತು ಇದರಲ್ಲಿ ಏನು ಉಳಿಯತಕ್ಕದ್ದು ಎಂದು ಕೇಳಿರಿ. ಪ್ರಕಟನೆಯ 21ನೆಯ ಅಧ್ಯಾಯದಲ್ಲಿ ಜನಾಂಗಗಳ ವೈಭವವನ್ನೂ ಗೌರವವನ್ನೂ ಹೊಸ ಯೆರೂಸಲೇಮಿನೊಳಗೆ ತರುತ್ತಾರೆ, ಆದರೆ ಅಶುದ್ಧವಾದದ್ದೊಂದೂ ಅದರೊಳಗೆ ಸೇರುವುದಿಲ್ಲ. ಸಂಸ್ಕೃತಿಯ ಬಗ್ಗೆ ಕ್ರೈಸ್ತರಿಗೆ ಇರಬೇಕಾದ ಆಶೆ ಮತ್ತು ಎಚ್ಚರ ಎರಡೂ ಅದೊಂದು ದೃಶ್ಯದಲ್ಲಿವೆ.

ಕೊರಿಂಥದ ಮಾಂಸದ ಪ್ರಶ್ನೆಯಿಂದ ಕಲಿಯಿರಿ

ಈ ಮಾರ್ಗದರ್ಶಿಯ ಹೃದಯಭಾಗ ಇದು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8ರಿಂದ 10ರವರೆಗಿನ ಅಧ್ಯಾಯಗಳನ್ನು ಒಂದೇ ಸಲ ಕುಳಿತು ಓದಿರಿ. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಗ್ರೀಸಿನ ಕೊರಿಂಥ ನಗರದಲ್ಲಿ ಅದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಅಲ್ಲಿನ ಉತ್ಖನನಗಳಲ್ಲಿ ಗ್ರೀಕರ ವೈದ್ಯದೇವತೆಯಾದ ಅಸ್ಕ್ಲೇಪಿಯಸ್ ದೇವಾಲಯದ ಆವರಣದಲ್ಲೇ ಭೋಜನದ ಕೋಣೆಗಳು ಸಿಕ್ಕಿವೆ. ಇಂಥ ಔತಣಗಳಿಗೆ ಬರಲೊಲ್ಲೆನೆನ್ನುವುದೆಂದರೆ ಬಂಧುಗಳನ್ನೂ ವ್ಯಾಪಾರದ ಒಡನಾಟವನ್ನೂ ಕಳೆದುಕೊಳ್ಳುವುದೆಂದೇ ಆಗಿದ್ದಿರಬೇಕು.

ಪೌಲನು ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅವನು ಹಾಗೆ ಮಾಡದೆ ಅದೇ ಮಾಂಸವನ್ನು ಮೂರು ಸ್ಥಳಗಳಲ್ಲಿಟ್ಟು ಮೂರು ಉತ್ತರಗಳನ್ನು ಕೊಟ್ಟನು. ದೇವಾಲಯದ ಪಂಕ್ತಿಯಲ್ಲಿ ಕುಳಿತು ತಿನ್ನುವುದು ಕೂಡದು, ಏಕೆಂದರೆ ಅಲ್ಲಿ ಊಟವೇ ಆರಾಧನೆಯಾಗಿದೆ; ಕರ್ತನ ಪಂಕ್ತಿಯಲ್ಲೂ ದೆವ್ವಗಳ ಪಂಕ್ತಿಯಲ್ಲೂ ಒಟ್ಟಿಗೆ ಪಾಲ್ಗೊಳ್ಳಲಾಗದು. ಕಟುಕರ ಅಂಗಡಿಯಲ್ಲಿ ಮಾರುವ ಮಾಂಸವನ್ನು ಮನಸ್ಸಾಕ್ಷಿಯ ಹೆಸರಿನಲ್ಲಿ ವಿಚಾರಣೆ ಮಾಡದೆ ಕೊಂಡು ತಿನ್ನಬಹುದು, ಏಕೆಂದರೆ ಭೂಮಿಯೂ ಅದರಲ್ಲಿರುವ ಸಮಸ್ತವೂ ಕರ್ತನದೇ ಎಂದು 24ನೆಯ ಕೀರ್ತನೆ ಹಾಡುತ್ತದೆ. ನಂಬದವನೊಬ್ಬನು ಮನೆಗೆ ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ತಿನ್ನಬಹುದು. ಆದರೆ ಅಲ್ಲಿ ಯಾರಾದರೂ ಇದು ಅರ್ಪಿಸಿದ್ದು ಎಂದು ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ ತಿನ್ನಬಾರದು.

ಇಲ್ಲಿಂದ ನಿಮ್ಮ ಪ್ರಶ್ನೆಗೆ ಮೂರು ವಿಚಾರಣೆಗಳನ್ನು ತೆಗೆದುಕೊಳ್ಳಬಹುದು. ಈ ಕ್ರಿಯೆಯೇ ಆರಾಧನೆಯಾಗಿದೆಯೇ, ಅಥವಾ ಒಂದು ಕಾಲದಲ್ಲಿ ಆರಾಧನೆಗೆ ಸಂಬಂಧಿಸಿದ್ದ ವಸ್ತುವಿನ ಬಳಕೆ ಮಾತ್ರವೇ? ಇದನ್ನು ನೋಡುವವರು ಇದರಿಂದ ನನ್ನ ನಿಷ್ಠೆಯ ಬಗ್ಗೆ ಏನನ್ನು ಅರ್ಥಮಾಡಿಕೊಳ್ಳುತ್ತಾರೆ? ನನ್ನ ಸ್ವಾತಂತ್ರ್ಯವು ಪಕ್ಕದಲ್ಲಿರುವ ವಿಶ್ವಾಸಿಯನ್ನು ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಮಾಡುತ್ತದೆಯೇ? ಬೇರೆ ನಂಬಿಕೆಯ ಸ್ನೇಹಿತರ ಸಮಾರಂಭದ ಪ್ರಶ್ನೆಗೆ ಈ ಮೂರು ಸಾಕಾಗುತ್ತವೆ. ಅವರ ಸಂತೋಷದಲ್ಲಿ ಪಾಲ್ಗೊಂಡು ಅವರೊಂದಿಗೆ ಊಟಮಾಡುವುದು ಒಂದು, ಪೂಜಾವಿಧಿಯಲ್ಲಿ ಆರಾಧಕನಾಗಿ ಪಾಲ್ಗೊಳ್ಳುವುದು ಇನ್ನೊಂದು. ಮೊದಲನೆಯದನ್ನು ನಿರಾಕರಿಸಲು ಪೌಲನು ಹೇಳಲಿಲ್ಲ, ಎರಡನೆಯದನ್ನು ಒಪ್ಪಲು ಬಿಡಲಿಲ್ಲ. ಇಸ್ರಾಯೇಲಿನ ದೇವರನ್ನು ನಂಬಿದ ಅರಾಮ್ಯ ಸೇನಾಪತಿಯಾದ ನಾಮಾನನು ತನ್ನ ಯಜಮಾನನ ಕೈಗೆ ಆಸರೆಯಾಗಿ ರಿಮ್ಮೋನನೆಂಬ ದೇವತೆಯ ಗುಡಿಯಲ್ಲಿ ಬಾಗಬೇಕಾಗುವುದರ ಬಗ್ಗೆ ಕ್ಷಮೆ ಬೇಡಿದಾಗ, ಎಲೀಷನು ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿದನೆಂಬುದನ್ನೂ ಇಲ್ಲಿ ನೆನಪಿಡುವುದು ಒಳ್ಳೆಯದು. ಹೊಸದಾಗಿ ನಂಬಿದವನ ಇಕ್ಕಟ್ಟಿನ ಬಗ್ಗೆ ಪ್ರವಾದಿಗಿದ್ದ ಈ ತಾಳ್ಮೆ ನಮ್ಮ ಸಭೆಗಳಲ್ಲಿ ಅಪರೂಪವಾಗಿದೆ.

ಬಲಹೀನನಾದ ಸಹೋದರನ ಕುರಿತ ಪೌಲನ ಮಾತು ಬಹಳ ದುರುಪಯೋಗವಾಗಿದೆಯಾದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ನನ್ನ ನಡತೆ ಯಾರಿಗೋ ಹಿಡಿಸಲಿಲ್ಲ ಎಂಬ ಮಾತ್ರಕ್ಕೆ ನಾನು ಅವನಿಗೆ ವಿಘ್ನವಾದೆನೆಂದು ಹೇಳಲಾಗುವುದಿಲ್ಲ. ವಿಗ್ರಹಾರಾಧನೆಯಿಂದ ಈಚೆಗಷ್ಟೇ ಹೊರಬಂದವನು ನನ್ನನ್ನು ನೋಡಿ ಧೈರ್ಯಗೊಂಡು, ತನ್ನ ಮನಸ್ಸು ತಪ್ಪೆಂದು ಹೇಳುತ್ತಿರುವುದನ್ನೇ ಮಾಡಿ ನಂಬಿಕೆಯಿಂದ ಜಾರುವ ಅಪಾಯವನ್ನು ಕುರಿತು ಪೌಲನು ಬರೆದನು. ಇಪ್ಪತ್ತು ವರ್ಷ ಸಭೆಯಲ್ಲಿದ್ದು, ಇನ್ನೊಬ್ಬರ ಉಡುಪನ್ನೋ ಹಾಡನ್ನೋ ಕಂಡು ಸಿಟ್ಟಾಗುವವನು ಪೌಲನು ಹೇಳಿದ ಬಲಹೀನನಲ್ಲ. ಅವನು ಜಾರುತ್ತಿಲ್ಲ, ತೀರ್ಪು ಮಾಡುತ್ತಿದ್ದಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವು ತಿನ್ನುವವನಿಗೆ ತಿನ್ನದವನನ್ನು ಹೀನೈಸಬೇಡ ಎಂದೂ, ತಿನ್ನದವನಿಗೆ ತಿನ್ನುವವನ ಮೇಲೆ ತೀರ್ಪು ಮಾಡಬೇಡ ಎಂದೂ ಎರಡು ಬೇರೆ ಎಚ್ಚರಿಕೆಗಳನ್ನು ಕೊಡುತ್ತದೆ, ಏಕೆಂದರೆ ಇಬ್ಬರ ಶೋಧನೆಗಳೂ ಬೇರೆ ಬೇರೆ. ನೀವು ಈ ಇಬ್ಬರಲ್ಲಿ ಯಾರೆಂದು ಪ್ರಾಮಾಣಿಕವಾಗಿ ಗುರುತಿಸಿಕೊಂಡು, ನಿಮಗೆ ಸೇರಿದ ಎಚ್ಚರಿಕೆಯನ್ನು ತೆಗೆದುಕೊಳ್ಳಿರಿ.

ಹಿಂದಿನವರ ಅನುಭವವನ್ನು ಕೇಳಿರಿ

ನಿಮಗಿಂತ ಮುಂಚೆ ಇದೇ ಪ್ರಶ್ನೆಯೊಡನೆ ಹೆಣಗಿದವರು ಯಾವಾಗಲೂ ಇದ್ದಾರೆ. ಅಥೇನ್ಸಿಗೂ ಯೆರೂಸಲೇಮಿಗೂ, ಅಂದರೆ ಗ್ರೀಕರ ತತ್ವಜ್ಞಾನಕ್ಕೂ ಕ್ರೈಸ್ತ ನಂಬಿಕೆಗೂ, ಏನು ಸಂಬಂಧ ಎಂದು ಉತ್ತರ ಆಫ್ರಿಕಾದ ಕಾರ್ಥೇಜಿನ ಆದಿಸಭೆಯ ಲೇಖಕ ತೆರ್ತುಲ್ಲಿಯನನು ಕೇಳಿದನು. ಅದೇ ಆಫ್ರಿಕಾದ ಬಿಷಪ್ ಅಗಸ್ಟೀನನು ಇಸ್ರಾಯೇಲ್ಯರು ಐಗುಪ್ತದಿಂದ ಹೊರಡುವಾಗ ಬೆಳ್ಳಿಬಂಗಾರಗಳನ್ನು ತಂದದ್ದನ್ನು ದೃಷ್ಟಾಂತವಾಗಿಟ್ಟು, ಅನ್ಯರ ತತ್ವಜ್ಞಾನದಲ್ಲಿರುವ ಸತ್ಯವನ್ನು ಅದರ ನಿಜವಾದ ಒಡೆಯನ ಸೇವೆಗೆ ತರಬೇಕೆಂದು ಬರೆದನು. ಈ ದೃಷ್ಟಾಂತಕ್ಕೆ ನಾನು ಒಂದು ಮಾತನ್ನು ಸೇರಿಸುತ್ತೇನೆ: ಐಗುಪ್ತದಿಂದ ಬಂದ ಆಭರಣಗಳಿಂದ ಅರಣ್ಯದಲ್ಲಿ ಮೊದಲು ಬಂಗಾರದ ಕರು ತಯಾರಾಯಿತು, ದೇವದರ್ಶನದ ಗುಡಾರ ಆಮೇಲೆ ತಯಾರಾಯಿತು. ತಂದ ಬಂಗಾರ ಯಾವುದಾಗುತ್ತದೆ ಎಂಬುದು ತಂದವರ ಹೃದಯವನ್ನು ಅವಲಂಬಿಸಿದೆ.

ರೋಮಿನ ಪೋಪ್ ಆಗಿದ್ದ ಮಹಾ ಗ್ರೆಗೊರಿಯ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. 601ರಲ್ಲಿ ಅವನು ಇಂಗ್ಲೆಂಡಿನ ಕೆಂಟ್ ಪ್ರಾಂತದ ಅರಸನಾದ ಎಥೆಲ್ಬರ್ಟನಿಗೆ ಬರೆದು ವಿಗ್ರಹಗಳ ಗುಡಿಗಳನ್ನು ಕೆಡವಬೇಕೆಂದು ಪ್ರೋತ್ಸಾಹಿಸಿದನು. ಕೆಲವೇ ವಾರಗಳಲ್ಲಿ, ಇಂಗ್ಲೆಂಡಿಗೆ ಹೊರಟಿದ್ದ ಮಿಷನರಿ ಮೆಲ್ಲಿಟಸನ ಮೂಲಕ ಇನ್ನೊಂದು ಪತ್ರ ಕಳುಹಿಸಿ, ವಿಗ್ರಹಗಳನ್ನು ತೆಗೆದುಹಾಕಿದರೆ ಸಾಕು, ಕಟ್ಟಡಗಳು ಗಟ್ಟಿಯಾಗಿದ್ದರೆ ಶುದ್ಧೀಕರಿಸಿ ಆರಾಧನೆಗೆ ಬಳಸಬಹುದು ಎಂದನು. ಎತ್ತರಕ್ಕೆ ಏರಬೇಕೆನ್ನುವವನು ಹೆಜ್ಜೆ ಹೆಜ್ಜೆಯಾಗಿ ಏರುತ್ತಾನೆ, ನೆಗೆದು ಏರುವುದಿಲ್ಲ ಎಂಬುದು ಅವನ ಸಮರ್ಥನೆ. ಜವಾಬ್ದಾರಿಯ ಸ್ಥಾನದಲ್ಲಿದ್ದವನು ಮತ್ತೆ ಯೋಚಿಸಿ ಬಹಿರಂಗವಾಗಿ ನಿಲುವನ್ನು ಬದಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಹೆಚ್ಚಿಲ್ಲ.

ಅಮೆರಿಕದ ದೈವಶಾಸ್ತ್ರಜ್ಞ ರಿಚರ್ಡ್ ನೀಬೂರ್ 1951ರಲ್ಲಿ ಕ್ರಿಸ್ತನಿಗೂ ಸಂಸ್ಕೃತಿಗೂ ಇರುವ ಸಂಬಂಧವನ್ನು ಕ್ರೈಸ್ತರು ಕಂಡ ರೀತಿಗಳನ್ನು ಐದು ಮಾದರಿಗಳಾಗಿ ವಿಂಗಡಿಸಿದರು: ಸಂಸ್ಕೃತಿಗೆ ವಿರೋಧಿಯಾದ ಕ್ರಿಸ್ತ, ಸಂಸ್ಕೃತಿಯ ಕ್ರಿಸ್ತ, ಸಂಸ್ಕೃತಿಗೆ ಮೇಲಾದ ಕ್ರಿಸ್ತ, ಸಂಸ್ಕೃತಿಯೊಡನೆ ವಿರೋಧಾಭಾಸದಲ್ಲಿರುವ ಕ್ರಿಸ್ತ, ಸಂಸ್ಕೃತಿಯನ್ನು ಮಾರ್ಪಡಿಸುವ ಕ್ರಿಸ್ತ. ಇವುಗಳಲ್ಲಿ ಒಂದನ್ನು ಆರಿಸಿ ಎಲ್ಲದಕ್ಕೂ ಅನ್ವಯಿಸಬೇಕೆಂದು ನನಗೆ ಅನಿಸುವುದಿಲ್ಲ. ಬಾಬೆಲಿನಲ್ಲಿದ್ದ ದಾನಿಯೇಲನು ಕಸ್ದೀಯರ (ಬಾಬೆಲನ್ನು ಆಳುತ್ತಿದ್ದವರ) ಭಾಷೆ ಸಾಹಿತ್ಯಗಳನ್ನು ಕಲಿತನು, ಅವರು ಕೊಟ್ಟ ಹೆಸರನ್ನೂ ಉದ್ಯೋಗವನ್ನೂ ಸ್ವೀಕರಿಸಿದನು, ಅರಸನ ಭೋಜನವನ್ನು ಮಾತ್ರ ನಿರಾಕರಿಸಿ ಅದಕ್ಕೆ ಬದಲಿಯಾಗಿ ಹತ್ತು ದಿನಗಳ ಪರೀಕ್ಷೆಯನ್ನು ವಿನಯದಿಂದ ಸೂಚಿಸಿದನು. ಒಬ್ಬನೇ ಮನುಷ್ಯನು ಒಂದೇ ಸಂಸ್ಕೃತಿಗೆ ಒಂದೇ ಅಧ್ಯಾಯದಲ್ಲಿ ಹೌದನ್ನೂ ಅಲ್ಲವನ್ನೂ ಹೇಳಿದನು. ಸಂಪೂರ್ಣವಾಗಿ ಅಲ್ಲವೆನ್ನಬೇಕಾದ ಸಮಯವೂ ಬರುತ್ತದೆ. ಹಿಟ್ಲರನ ಆಳ್ವಿಕೆಯಲ್ಲಿ, 1934ರ ಮೇ ತಿಂಗಳಲ್ಲಿ ಬಾರ್ಮೆನ್ ನಗರದಲ್ಲಿ ಸೇರಿದ ಜರ್ಮನ್ ಸಭೆಗಳ ಪ್ರತಿನಿಧಿಗಳು, ಯೇಸು ಕ್ರಿಸ್ತನೊಬ್ಬನೇ ನಾವು ಕೇಳಿ ವಿಧೇಯರಾಗಬೇಕಾದ ದೇವರ ವಾಕ್ಯವೆಂದು ಘೋಷಿಸಿ, ಬೇರೆ ಘಟನೆಗಳನ್ನೋ ಶಕ್ತಿಗಳನ್ನೋ ದೇವರ ಪ್ರಕಟನೆಯೆಂದು ಸಭೆಯು ಒಪ್ಪಬೇಕೆಂಬ ಬೋಧನೆಯನ್ನು ತಳ್ಳಿಹಾಕಿದರು.

ನಿಮ್ಮನ್ನೂ ನೆರೆಯವರನ್ನೂ ಗಮನಿಸಿರಿ

ಎಲ್ಲವನ್ನೂ ಮಾಡಲು ನನಗೆ ಸ್ವಾತಂತ್ರ್ಯವಿದೆ ಎಂಬ ಕೊರಿಂಥದವರ ಘೋಷಣೆಗೆ ಪೌಲನು ಎರಡು ಅಂಕೆಗಳನ್ನಿಟ್ಟನು: ಎಲ್ಲವೂ ಪ್ರಯೋಜನಕರವಲ್ಲ, ಮತ್ತು ನಾನು ಯಾವುದಕ್ಕೂ ಒಳಗಾಗುವುದಿಲ್ಲ. ಎರಡನೆಯದನ್ನು ಪರೀಕ್ಷಿಸುವ ಹಳೆಯ ಉಪಾಯ ಉಪವಾಸ. ಒಂದು ಹವ್ಯಾಸವು ನಿಮ್ಮನ್ನು ಆಳುತ್ತಿದೆಯೇ ಎಂಬ ಅನುಮಾನವಿದ್ದರೆ ಅದನ್ನು ಗೊತ್ತಾದ ಕಾಲದವರೆಗೆ ಬಿಟ್ಟಿರಿ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಗಳು ಇದಕ್ಕೆ ಅನುಕೂಲವಾಗಿವೆ. ಬಿಟ್ಟಾಗ ಮನಸ್ಸಿನಲ್ಲಿ ಏನು ಮೇಲೇಳುತ್ತದೆ, ಸಿಟ್ಟೇ, ಬೇಸರವೇ, ಒಂಟಿತನವೇ ಎಂಬುದನ್ನು ಗುರುತಿಸಿಕೊಳ್ಳಿರಿ. ಮೊಬೈಲ್ ಮತ್ತು ಸಾಮಾಜಿಕ ಜಾಲತಾಣಗಳ ವಿಷಯದಲ್ಲಿ ಯಾವ ವಾದಕ್ಕಿಂತಲೂ ಇದು ಸ್ಪಷ್ಟವಾಗಿ ಮಾತಾಡುತ್ತದೆ.

ವೈಯಕ್ತಿಕ ಪಾವಿತ್ರ್ಯದ ಬಗ್ಗೆ ಇಷ್ಟು ಯೋಚಿಸಿದವರು ಒಂದು ಪ್ರಶ್ನೆಯನ್ನು ಆಗಾಗ ಬಿಟ್ಟುಬಿಡುತ್ತಾರೆ: ನನ್ನ ಈ ಅನುಕೂಲಕ್ಕೆ ಬೆಲೆ ತೆರುವವರು ಯಾರು? ಅಮೋಸನ 8ನೆಯ ಅಧ್ಯಾಯದ ವ್ಯಾಪಾರಿಗಳು ಸಬ್ಬತ್ತನ್ನು (ವಾರದ ಏಳನೆಯ ದಿನದ ವಿಶ್ರಾಂತಿಯನ್ನು) ತಪ್ಪದೆ ಆಚರಿಸುತ್ತಿದ್ದರು, ಆದರೆ ಅದು ಯಾವಾಗ ಮುಗಿದೀತು, ಅಳತೆಯನ್ನು ಕಿರಿದುಮಾಡಿ ತೂಕವನ್ನು ಹಿರಿದುಮಾಡಿ ಬಡವರನ್ನು ಕೊಂಡುಕೊಳ್ಳೋಣ ಎಂದು ಕಾಯುತ್ತಿದ್ದರು. ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ಕೂಗುತ್ತಿದೆ ಎಂದು ಯಾಕೋಬನು ಬರೆದನು. ಅಗ್ಗದ ಉಡುಪು, ತಕ್ಷಣ ಮನೆಗೆ ಬರುವ ಸಾಮಾನು, ಹೆಚ್ಚು ಲಾಭ ತರುವ ಷೇರು ಇವುಗಳ ಹಿಂದಿರುವ ದುಡಿಯುವವರ ಸ್ಥಿತಿಯನ್ನು ನಿಮ್ಮಿಂದಾದಷ್ಟು ತಿಳಿದುಕೊಳ್ಳಿರಿ. ಎಲ್ಲವನ್ನೂ ಸರಿಪಡಿಸುವುದು ಒಬ್ಬರಿಂದ ಆಗದು. ನಿಮ್ಮ ಕೈಯಿಂದಲೇ ಸಂಬಳ ಪಡೆಯುವವರಿದ್ದರೆ ಅಲ್ಲಿಂದ ಆರಂಭಿಸಿರಿ.

ಆರಾಧನೆಯ ದಿನದ ದುಡಿಮೆ: ಒಂದು ಪ್ರಶ್ನೆಯನ್ನು ಕೊನೆಯವರೆಗೆ ನೋಡೋಣ

ಹೆಚ್ಚು ಸಂಬಳದ ಉದ್ಯೋಗವೊಂದು ಬಂದಿದೆ, ಆದರೆ ತಿಂಗಳಲ್ಲಿ ಎರಡು ಭಾನುವಾರ ದುಡಿಯಬೇಕು ಎಂದಿಟ್ಟುಕೊಳ್ಳೋಣ. ದಶಾಜ್ಞೆಗಳಲ್ಲಿ ವಿಶ್ರಾಂತಿಯ ಆಜ್ಞೆಗೆ ಎರಡು ಕಾರಣಗಳಿವೆ. ವಿಮೋಚನಕಾಂಡದ 20ನೆಯ ಅಧ್ಯಾಯ ದೇವರು ಏಳನೆಯ ದಿನ ವಿಶ್ರಮಿಸಿದ್ದನ್ನು ಕಾರಣವಾಗಿ ಕೊಡುತ್ತದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಇಸ್ರಾಯೇಲ್ಯರು ಐಗುಪ್ತದಲ್ಲಿ ದಾಸರಾಗಿದ್ದುದನ್ನು ನೆನಪಿಸಿ, ನಿನ್ನ ದಾಸದಾಸಿಯರಿಗೂ ನಿನ್ನಂತೆಯೇ ವಿಶ್ರಾಂತಿಯಾಗಬೇಕು ಎನ್ನುತ್ತದೆ. ಸಬ್ಬತ್ ಮನುಷ್ಯನಿಗೋಸ್ಕರ ಉಂಟಾಯಿತೆಂದು ಯೇಸು ಹೇಳಿದನು. ಭಾನುವಾರವು ಸಬ್ಬತ್ತಿನ ಸ್ಥಾನವನ್ನು ಪಡೆದಿದೆಯೇ ಎಂಬ ವಿಷಯದಲ್ಲಿ ಸಭೆಗಳು ಒಂದೇ ಮನಸ್ಸಿನವಲ್ಲ. ದಿನಗಳ ವಿಷಯದಲ್ಲಿ ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎಂದು ರೋಮಾಪುರದವರಿಗೆ ಪೌಲನು ಬರೆದಿದ್ದಾನೆ.

ಇತಿಹಾಸವೂ ಇಲ್ಲಿ ನೆರವಾಗುತ್ತದೆ. ಮೊದಲ ಮೂರು ಶತಮಾನಗಳಲ್ಲಿ ರೋಮ್ ಸಾಮ್ರಾಜ್ಯದ ಕ್ರೈಸ್ತರಿಗೆ ಭಾನುವಾರ ಸಾಧಾರಣವಾದ ದುಡಿಮೆಯ ದಿನವಾಗಿತ್ತು. ಆ ಸಾಮ್ರಾಜ್ಯದ ಬಿಥೂನ್ಯ ಪ್ರಾಂತದ ರಾಜ್ಯಪಾಲನಾಗಿದ್ದ ಪ್ಲಿನಿಯು ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಿದ್ದರೆಂದು ತಿಳಿಸಿದ್ದಾನೆ. ಭಾನುವಾರದ ವಿಶ್ರಾಂತಿ ಕಾನೂನಾದದ್ದು 321ರಲ್ಲಿ, ಚಕ್ರವರ್ತಿ ಕಾನ್‌ಸ್ಟಾಂಟೈನನ ಆಜ್ಞೆಯಿಂದ. ಅದರಲ್ಲೂ ಹವಾಮಾನವನ್ನು ಕಾಯಬೇಕಾದ ಬೇಸಾಯಗಾರರಿಗೆ ವಿನಾಯಿತಿಯಿತ್ತು. ಆದ್ದರಿಂದ ಭಾನುವಾರ ದುಡಿಯುವವನು ಕ್ರೈಸ್ತನೇ ಅಲ್ಲವೆಂದು ಹೇಳುವವರು ಆದಿಸಭೆಯ ದಾಸರನ್ನೂ ಕೂಲಿಗಳನ್ನೂ ಹೊರಗಿಟ್ಟಂತಾಗುತ್ತದೆ. ಆದರೆ ಅದೇ ದಾಸರು ನಿದ್ದೆಯನ್ನು ಬಿಟ್ಟು, ದಂಡನೆಯ ಭಯವಿದ್ದಾಗಲೂ ಸಭೆಯಾಗಿ ಕೂಡುವುದನ್ನು ಬಿಡಲಿಲ್ಲ.

ಹೀಗೆ ನೋಡಿದಾಗ ಪ್ರಶ್ನೆಯೇ ಬದಲಾಗುತ್ತದೆ. ಆ ಎರಡು ಭಾನುವಾರಗಳಲ್ಲಿ ಬೆಳಿಗ್ಗೆಯೋ ಸಂಜೆಯೋ ಸಭೆಯೊಡನೆ ಸೇರಲು ದಾರಿಯಿದೆಯೇ? ವಾರದಲ್ಲಿ ಬೇರೊಂದು ದಿನ ನಿಜವಾದ ವಿಶ್ರಾಂತಿ ಸಿಗುತ್ತದೆಯೇ? ಆ ಕೆಲಸ ರೋಗಿಗಳ ಆರೈಕೆಯಂತೆ ಯಾರಾದರೂ ಮಾಡಲೇಬೇಕಾದದ್ದೇ, ಅಥವಾ ಲಾಭಕ್ಕಾಗಿ ಮಾತ್ರ ಭಾನುವಾರಕ್ಕೂ ಎಳೆದದ್ದೇ? ನನ್ನನ್ನು ಸೆಳೆಯುತ್ತಿರುವುದು ಕುಟುಂಬದ ಅಗತ್ಯವೇ, ಅಥವಾ ಇನ್ನಷ್ಟು ಬೇಕೆಂಬ ಭಯವೇ? ಸಾಲದ ಹೊರೆಯಲ್ಲಿರುವ ಮನೆಯವನೊಬ್ಬನು ಈ ಉದ್ಯೋಗವನ್ನು ಒಪ್ಪಿಕೊಂಡು ಕೃತಜ್ಞತೆಯಿಂದ ದುಡಿಯಬಹುದು, ಬೇಕಾದಷ್ಟಿರುವ ಇನ್ನೊಬ್ಬನು ಅದೇ ಉದ್ಯೋಗವನ್ನು ಬೇಡವೆನ್ನಬೇಕಾಗಬಹುದು, ಇಬ್ಬರೂ ಕರ್ತನಿಗೆ ವಿಧೇಯರಾಗಿರಬಹುದು. ನನ್ನ ಅಭಿಪ್ರಾಯದಲ್ಲಿ, ಸಭೆಯಾಗಿ ಕೂಡುವ ಎಲ್ಲ ಅವಕಾಶವನ್ನೂ ವರ್ಷವಿಡೀ ಕಿತ್ತುಕೊಳ್ಳುವ ಉದ್ಯೋಗವನ್ನು ಬೇರೆ ದಾರಿಯಿರುವಾಗ ಒಪ್ಪಬಾರದು.

ನಿರ್ಣಯಿಸಿರಿ, ಹೇಳಿರಿ, ಮತ್ತೆ ಪರಿಶೀಲಿಸಿರಿ

ಒಬ್ಬರೇ ನಿರ್ಣಯಿಸಬೇಡಿರಿ. ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕೇ ಎಂಬ ಪ್ರಶ್ನೆ ಎದ್ದಾಗ ಅಪೊಸ್ತಲರೂ ಹಿರಿಯರೂ ಯೆರೂಸಲೇಮಿನಲ್ಲಿ ಕೂಡಿ ಬಹಳ ವಿಚಾರ ಮಾಡಿದರು. ಪೇತ್ರನು ಅನುಭವವನ್ನು ಹೇಳಿದನು, ಬಾರ್ನಬನೂ ಪೌಲನೂ ದೇವರು ಮಾಡಿದ್ದನ್ನು ವಿವರಿಸಿದರು, ಯಾಕೋಬನು ಪ್ರವಾದಿಗಳ ಮಾತನ್ನು ತಂದನು, ಆಮೇಲೆ ಪವಿತ್ರಾತ್ಮನಿಗೂ ನಮಗೂ ಸರಿಯಾಗಿ ತೋಚಿತೆಂದು ಬರೆದರು. ನಿಮ್ಮ ಕಾಗದವನ್ನು ಇಬ್ಬರು ಮೂವರಿಗೆ ತೋರಿಸಿರಿ, ಅವರಲ್ಲಿ ಒಬ್ಬರಾದರೂ ನಿಮ್ಮ ನಿಲುವನ್ನು ಒಪ್ಪದವರಾಗಿರಲಿ, ಮತ್ತು ನಿರ್ಣಯದ ಪರಿಣಾಮವನ್ನು ಅನುಭವಿಸಬೇಕಾದವರು, ಮುಖ್ಯವಾಗಿ ಸಂಗಾತಿ ಮತ್ತು ಮಕ್ಕಳು, ಅವರ ನಡುವೆ ಇರಲಿ.

ಮನಸ್ಸಿನಲ್ಲಿ ಇನ್ನೂ ಸಂಶಯವಿದ್ದರೆ ತಡೆಯಿರಿ, ಏಕೆಂದರೆ ನಂಬಿಕೆಯಿಂದಲ್ಲದೆ ಮಾಡಿದ್ದು ಪಾಪವೆಂದು ರೋಮಾಪುರದವರಿಗೆ ಬರೆದ ಪತ್ರಿಕೆ ಎಚ್ಚರಿಸುತ್ತದೆ. ಆದರೆ ಮನಸ್ಸಾಕ್ಷಿಯೂ ಕಲಿಯಬೇಕಾದದ್ದೇ; ಇಂದು ಅದು ತಡೆಯುವುದನ್ನು ಮುಂದೊಂದು ದಿನ ಬಿಡಬಹುದು, ಇಂದು ಸುಮ್ಮನಿರುವ ವಿಷಯದಲ್ಲಿ ಮುಂದೆ ಚುಚ್ಚಬಹುದು. ಆದ್ದರಿಂದ ನಿರ್ಣಯದ ಕೆಳಗೆ ಅದರ ಕಾರಣಗಳನ್ನೂ, ಅದನ್ನು ಮತ್ತೆ ಪರಿಶೀಲಿಸುವ ತಾರೀಖನ್ನೂ ಬರೆಯಿರಿ. ಆರು ತಿಂಗಳು ಸಾಮಾನ್ಯವಾಗಿ ಸೂಕ್ತವಾದ ಅವಧಿ. ಆ ದಿನ ಬಂದಾಗ ಪ್ರೀತಿ, ಸಮಾಧಾನ, ತಾಳ್ಮೆ ಹೆಚ್ಚಿವೆಯೇ ಎಂದು ನಿಮ್ಮನ್ನು ಕೇಳಿಕೊಳ್ಳುವುದಕ್ಕಿಂತ ನಿಮ್ಮೊಡನೆ ಬಾಳುವವರನ್ನು ಕೇಳುವುದು ಉತ್ತಮ.

ಬೇರೆ ನಿರ್ಣಯಕ್ಕೆ ಬಂದ ವಿಶ್ವಾಸಿಯು ನಿಮ್ಮ ಸಭೆಯಲ್ಲೇ ಇರುತ್ತಾನೆ. ಅವನ ಕಾರಣಗಳನ್ನು ಅವನಿಗೇ ಒಪ್ಪಿಗೆಯಾಗುವಂತೆ ನೀವು ಹೇಳಬಲ್ಲಿರಾದರೆ ಮಾತ್ರ ಅವನಿಗೆ ಉತ್ತರ ಕೊಡಿರಿ. ಹೇಳಲಾಗದಿದ್ದರೆ ಇನ್ನೂ ಸ್ವಲ್ಪ ಕೇಳಿರಿ, ಮತ್ತು ಮುಂದಿನ ಕರ್ತನ ಭೋಜನದಲ್ಲಿ ಅವನ ಪಕ್ಕದಲ್ಲೇ ಕುಳಿತುಕೊಳ್ಳಿರಿ.